ಔಷಧದಂಗಡಿಯ ಸಂಕೋಚ

ಎತ್ತಿನ ಗಾಡಿಯ ಅಚ್ಚಿಗೆ ಬಳಿಯುವುದಕ್ಕೆ ಕನ್ನಡದಲ್ಲಿ ಕೀಲೆಣ್ಣೆಯೆಂಬ ಸೊಗಸಾದ ಮಾತಿದೆ. ದಾಂಪತ್ಯದ ಏಕಾಂತದಲ್ಲಿ ಅದೇ ಉಪಕಾರವನ್ನು ಮಾಡುವ ವಸ್ತುವಿಗೆ ಮಾತ್ರ ನಮ್ಮಲ್ಲಿ ಹೆಸರಿಲ್ಲ. ಅಂಗಡಿಯವನು ಲೂಬ್ರಿಕೆಂಟ್ ಜೆಲ್ ಎನ್ನುತ್ತಾನೆ. ಕೊಳ್ಳುವವರು ಏನನ್ನೂ ಅನ್ನದೆ ಬೆರಳು ತೋರಿಸುತ್ತಾರೆ. ಇದನ್ನೋದಿ ಹುಬ್ಬುಗಂಟಿಕ್ಕುವ ಹಿರಿಯರು ದಯವಿಟ್ಟು ಪುಟ ಮಗುಚಿ ಧಾರಾವಾಹಿಗೆ ಹೋಗಬಹುದು.

ಐವತ್ತರ ಹೊಸಿಲಲ್ಲಿರುವ ನನ್ನ ಗೆಳತಿಯೊಬ್ಬಳು ಒಂದು ಸಂಜೆ ಕಾಫಿಯ ಲೋಟವನ್ನು ಕೆಳಗಿಟ್ಟು, "ನಮ್ಮ ಯಜಮಾನರು ಮಾತೇ ಕಡಿಮೆ ಮಾಡಿದಾರೆ ಕಣೇ. ನನಗೆ ಅವರಲ್ಲಿ ಮನಸ್ಸಿಲ್ಲ ಅಂತ ತಿಳಿದಿದಾರೆ" ಎಂದಳು. ಮನಸ್ಸಿತ್ತು, ನೋವಿಗೆ ಹೆದರಿ ದೂರ ಸರಿಯುತ್ತಿದ್ದಳು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುತ್ತದೆ. ಯೋನಿಯ ಒಳಪದರವು ತೆಳುವಾಗಿ ಸಹಜವಾದ ಒಸರು ಕುಗ್ಗುತ್ತದೆ. ಮೊಲೆಯೂಡಿಸುವ ತಾಯಂದಿರಲ್ಲಿಯೂ ಹೀಗಾಗುವುದುಂಟು. ಪ್ರೀತಿಯ ಹೆಚ್ಚು ಕಡಿಮೆಗೂ ಈ ಶುಷ್ಕತೆಗೂ ಸಂಬಂಧವಿಲ್ಲವೆಂದು ಆ ಇಬ್ಬರಿಗೆ ಯಾರೂ ಹೇಳಿರಲಿಲ್ಲ.

"ಕೊಬ್ಬರಿ ಎಣ್ಣೆ ಆಗದೇನೇ?" ಎಂದು ಕೇಳಿದಳು. ಎಣ್ಣೆಯೂ ಪೆಟ್ರೋಲಿಯಂ ಜೆಲ್ಲಿಯೂ ಲೇಟೆಕ್ಸ್ ರಬ್ಬರನ್ನು ಕೆಲವೇ ನಿಮಿಷಗಳಲ್ಲಿ ಶಿಥಿಲಗೊಳಿಸುತ್ತವೆ. ಕಾಂಡೋಮ್ ಬಳಸುವವರಿಗೆ ಅವು ತರವಲ್ಲ. ಮುಟ್ಟು ಏರುಪೇರಾಗಿರುವ ಆ ವಯಸ್ಸಿನಲ್ಲಿ ಗರ್ಭ ನಿಲ್ಲುವ ಸಂಭವ ಇನ್ನೂ ಇರುತ್ತದಲ್ಲ! ನೀರಿನಿಂದ ತಯಾರಾದ ಜೆಲ್ಲಿಗೆ ಈ ದೋಷವಿಲ್ಲ, ಬಟ್ಟೆಗೆ ಕಲೆಯಾಗದು. ಬೇಗ ಆರುತ್ತದೆಂಬುದೊಂದೇ ಕೊರತೆ, ಮತ್ತಷ್ಟು ಹಚ್ಚಿದರಾಯಿತು. ಸಿಲಿಕೋನಿನದು ಹೆಚ್ಚು ಹೊತ್ತು ನಿಲ್ಲುತ್ತದೆ, ಕಾಂಡೋಮಿಗೂ ಬಾಧಕವಲ್ಲ. ಹಣ್ಣಿನ ಪರಿಮಳದವು, ಬಿಸಿಯೇರಿಸುವವು ಎಂದು ಮಾರುವವುಗಳನ್ನು ನಾನಂತೂ ಯಾರಿಗೂ ಹೇಳಲಾರೆ; ನೊಂದ ಚರ್ಮಕ್ಕೆ ಅಲಂಕಾರವೇಕೆ?

ಗ್ಲಿಸರಿನ್ ವಿಪರೀತವಾಗಿದ್ದರೆ ಅದು ಮೃದುವಾದ ಪದರದ ಜೀವಕೋಶಗಳಿಂದಲೇ ನೀರನ್ನು ಸೆಳೆದು ಉರಿಯನ್ನು ತರಬಹುದು. ಈ ಸೆಳೆಯುವ ಗುಣಕ್ಕೆ ಆಸ್ಮೊಲಾಲಿಟಿಯೆಂಬ ಅಳತೆಯಿದೆ; ಅದು 380ನ್ನು ಮೀರದಿದ್ದರೆ ಉತ್ತಮ, 1200ನ್ನಂತೂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿ ಕೊಟ್ಟ ಸಲಹೆ. ಆಮ್ಲತೆಯನ್ನು ತಿಳಿಸುವ ಪಿಎಚ್ 4.5ರ ಸುಮಾರಿಗಿರಬೇಕು. ಪೊಟ್ಟಣದ ಮೇಲೆ ಈ ಸಂಖ್ಯೆಗಳು ಕಾಣದಿದ್ದಾಗ, ಪದಾರ್ಥಗಳ ಪಟ್ಟಿಯಲ್ಲಿ ಗ್ಲಿಸರಿನ್ ಮೊದಮೊದಲೇ ಬಂದಿದ್ದರೆ ಬೇರೊಂದನ್ನು ಕೇಳಬಹುದು.

ಗೆಳತಿ ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಯಜಮಾನರ ಕೈಗೆ ಕೊಟ್ಟಳಂತೆ. ಅವರು ಎರಡು ಸಲ ಓದಿ, ಏನೊಂದೂ ನುಡಿಯದೆ ಚಪ್ಪಲಿ ಮೆಟ್ಟಿ ಹೊರಟರಂತೆ. ಅಂಗಡಿಯಿಂದ ಬಂದ ಮೇಲೆ ಅವರಿಬ್ಬರೂ ಬಹಳ ಹೊತ್ತು ಮಾತನಾಡಿದರೆಂದು ಮಾತ್ರ ನನಗೆ ತಿಳಿದಿದೆ.

ಮಗುವನ್ನು ಬಯಸುವ ಕಿರಿಯ ದಂಪತಿಗಳಿಗೆ ಒಂದು ಮಾತು: ಹಲವು ಜೆಲ್ಲುಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತವೆ, ವೈದ್ಯರನ್ನು ಕೇಳಿಯೇ ಕೊಳ್ಳಬೇಕು. ಜೆಲ್ಲು ಆ ಹೊತ್ತಿನ ಅನುಕೂಲವೇ ಹೊರತು ಚಿಕಿತ್ಸೆಯಲ್ಲ. ಶುಷ್ಕತೆ ದಿನವೆಲ್ಲ ಕಾಡಿದರೆ ಸ್ತ್ರೀರೋಗ ತಜ್ಞರು ಈಸ್ಟ್ರೋಜೆನ್ ಮುಲಾಮನ್ನು ಬರೆದುಕೊಡಬಹುದು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸಂಕೋಚವನ್ನು ಬದಿಗಿಟ್ಟು ಅವರಲ್ಲಿಗೆ ಹೋಗತಕ್ಕದ್ದು.