ಗಿಡ ನೆಡಬಾರದ ಶನಿವಾರ

ಪರಿಸರಕ್ಕೆಂದೇ ಮೀಸಲಾದ ಮೂರು ದಿನಗಳ ಕಾರ್ಯಕ್ರಮವದು. ಆದರೆ ಅದರ ನಡುವಿನ ದಿನ ಒಂದೇ ಒಂದು ಗಿಡವನ್ನೂ ನೆಡುವಂತಿರಲಿಲ್ಲ!

ಕೆಲವು ವರ್ಷಗಳ ಹಿಂದೆ ಚಿಕಾಗೋ ಹತ್ತಿರದ ಮಗಳ ಮನೆಗೆ ಹೋಗಿದ್ದಾಗ, ಪಕ್ಕದ ಮನೆಯ ಯಹೂದಿ ಮಹಿಳೆ ತಮ್ಮ ಸಿನಗಾಗ್‌ನ ‘ಪರಿಸರ ಸಬ್ಬತ್’ಗೆ ನಮ್ಮನ್ನೂ ಕರೆದರು. ಶುಕ್ರವಾರ ಸಂಜೆ ಪ್ರಾರ್ಥನೆ ಮತ್ತು ಸಸ್ಯಾಹಾರದ ಊಟ, ಶನಿವಾರ ತೋರಾ ಪಠಣ ಮತ್ತು ಚರ್ಚೆ, ಭಾನುವಾರ ಗಿಡ ನೆಡುವುದು. ‘ಶನಿವಾರ ಎಲ್ಲರೂ ಸೇರಿರುತ್ತೀರಲ್ಲ, ಅಂದೇ ನೆಡಬಾರದೇ?’ ಎಂದು ಕೇಳಿದೆ. ಆಕೆ ನಕ್ಕು, ‘ನಮ್ಮ ನಿಷೇಧಗಳ ಪಟ್ಟಿ ಶುರುವಾಗುವುದೇ ಬಿತ್ತನೆಯಿಂದ’ ಎಂದರು.

ಅದು ನಿಜ. ಸಬ್ಬತ್ ದಿನ ಮಾಡಬಾರದ 39 ಬಗೆಯ ಕೆಲಸಗಳನ್ನು ಮಿಶ್ನಾ ಗ್ರಂಥ ಹೆಸರಿಸುತ್ತದೆ. ಬಿತ್ತುವುದು, ಉಳುವುದು, ಕೊಯ್ಯುವುದು, ರೊಟ್ಟಿ ಸುಡುವುದು, ನೂಲುವುದು, ಬೆಂಕಿ ಹಚ್ಚುವುದು, ಆರಿಸುವುದು... ಶುಕ್ರವಾರ ಸೂರ್ಯ ಮುಳುಗುವ ಮೊದಲು ಆರಂಭವಾಗಿ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಮನುಷ್ಯ ಈ ಭೂಮಿಯನ್ನು ತನ್ನ ಪಾಡಿಗೆ ಬಿಟ್ಟುಬಿಡಬೇಕು. ನೆಡುವುದು ಒಳ್ಳೆಯ ಕೆಲಸವೇ ಇರಬಹುದು, ಆದರೂ ಅದು ಕೆಲಸ.

ಆ ವಾರದ ಪಠಣ ನೋವಾನದ್ದು, ನಮ್ಮ ನೂಹ್ ಪ್ರವಾದಿಯ ಪ್ರಳಯದ ಕಥೆ. ಚರ್ಚೆ ಮಾತ್ರ ಬೇಗನೆ ಮರಗಳತ್ತ ಹೊರಳಿತು. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದೆಂದು ತೋರಾ ವಿಧಿಸುತ್ತದೆ. (ದಂಡಯಾತ್ರೆಗೆ ಹೊರಟ ಸೈನ್ಯಕ್ಕೆ ಹಝ್ರತ್ ಅಬೂಬಕರ್ ಕೊಟ್ಟ ಆದೇಶ ಓದುಗರಿಗೆ ನೆನಪಾಗದಿರದು.) ಯಹೂದಿ ವಿದ್ವಾಂಸರು ಈ ಒಂದು ವಿಧಿಯನ್ನು ಬಟ್ಟೆ, ಪಾತ್ರೆ, ಅನ್ನದ ಪೋಲಿಗೂ ವಿಸ್ತರಿಸಿದರು. ಎಣ್ಣೆ ಬೇಗ ಮುಗಿಯುವಂತೆ ದೀಪ ಉರಿಸುವುದೂ ತಪ್ಪೆಂಬ ಮಾತು ತಾಲ್ಮೂದ್‌ನಲ್ಲಿದೆ, ಅದೂ ಸಬ್ಬತ್ ಕುರಿತ ಭಾಗದಲ್ಲೇ. ವಿದ್ಯುತ್ ಬಿಲ್ಲು ಹುಟ್ಟುವುದಕ್ಕೆ ಶತಮಾನಗಳ ಮೊದಲು!

ಆಗ ಒಬ್ಬ ಯುವಕ ಎದ್ದು ನಿಂತ. ‘ಹೊರಗೆ ಎಷ್ಟು ಕಾರುಗಳು ನಿಂತಿವೆ, ಎಣಿಸಿದ್ದೀರಾ?’

ಸಭೆ ಸ್ತಬ್ಧವಾಯಿತು. ಕಾರಿನಲ್ಲಿ ಬೆಂಕಿ ಉರಿಯುತ್ತದೆ, ಆದ್ದರಿಂದ ಸಂಪ್ರದಾಯಸ್ಥರು ಸಬ್ಬತ್ ದಿನ ಕಾರು ಹತ್ತುವುದಿಲ್ಲ. ಆದರೆ ಅಮೆರಿಕದ ಯಹೂದಿಗಳು ಉಪನಗರಗಳಲ್ಲಿ ಚದುರಿ ನೆಲೆಸತೊಡಗಿದಾಗ, ಅಲ್ಲಿನ ಕನ್ಸರ್ವೇಟಿವ್ ಪಂಗಡದ ಧರ್ಮಶಾಸ್ತ್ರ ಸಮಿತಿ 1950ರಲ್ಲಿ, ನಡೆದು ಬರಲಾಗದವರು ಸಿನಗಾಗ್‌ಗೆ ಮಾತ್ರ ಕಾರಿನಲ್ಲಿ ಬರಬಹುದೆಂದು ಅನುಮತಿಸಿತು. ಜನ ಪ್ರಾರ್ಥನೆಯಿಂದಲೇ ದೂರವಾಗದಿರಲಿ ಎಂಬ ಕಾಳಜಿ ಅದರ ಹಿಂದಿತ್ತು. ಕಾರು ಹತ್ತದವರು ಮಾತ್ರ ಇಂದಿಗೂ ಸಿನಗಾಗ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಮನೆ ಹುಡುಕುತ್ತಾರೆ. ಒಂದು ನಿಷೇಧ ಇಡೀ ಮೊಹಲ್ಲಾವನ್ನೇ ಕಟ್ಟಬಲ್ಲದು.

ಒಬ್ಬ ವೃದ್ಧರು ನಿಧಾನವಾಗಿ ಹೇಳಿದರು: ‘ನನ್ನ ಮಂಡಿ ನೋವು ನಿಮ್ಮ ಭೂಮಿಯ ಬಿಸಿಗಿಂತ ಹಳೆಯದು. ಕಾರು ಬೇಡವೆಂದರೆ ನಾನು ಮನೆಯಲ್ಲೇ ಒಬ್ಬನೇ ಪ್ರಾರ್ಥಿಸಬೇಕು.’ ಯುವಕನಲ್ಲಿ ಉತ್ತರವಿರಲಿಲ್ಲ. ನಾಲ್ಕಾರು ಮಂದಿ ಒಂದೇ ಕಾರಿನಲ್ಲಿ ಬರುವ ಸಲಹೆಯ ಬಳಿ ಚರ್ಚೆ ನಿಂತಿತು.

ಸೌರಫಲಕದ ಬಗ್ಗೆಯೂ ಮಾತು ಬಂತು. ಅಲ್ಲೇ ಇವಾನ್‌ಸ್ಟನ್‌ನ ಒಂದು ಯಹೂದಿ ಸಮುದಾಯ 2008ರಲ್ಲಿ ಕಟ್ಟಿದ ಸಿನಗಾಗ್ ಹಸಿರು ಕಟ್ಟಡಗಳಿಗೆ ಕೊಡುವ ‘ಲೀಡ್ ಪ್ಲಾಟಿನಂ’ ಮನ್ನಣೆ ಪಡೆದಿದೆ. ಮೆಚ್ಚತಕ್ಕದ್ದೇ. ಆದರೆ ಸಬ್ಬತ್ತನ್ನು ಇಂಧನ ಉಳಿತಾಯದ ಉಪಾಯವಾಗಿ ಮಾತ್ರ ನೋಡುವುದು ನನಗೆ ಸರಿಕಾಣಲಿಲ್ಲ. ಆ ಲೆಕ್ಕವಾದರೂ ಸರಿಹೊಂದುವುದೇ? ಆರಿಸುವುದೂ ನಿಷಿದ್ಧವಾದ್ದರಿಂದ ಎಷ್ಟೋ ಸಂಪ್ರದಾಯಸ್ಥ ಮನೆಗಳಲ್ಲಿ ಶುಕ್ರವಾರ ಹಚ್ಚಿಟ್ಟ ವಿದ್ಯುತ್ ದೀಪವೂ ಊಟ ಬಿಸಿಯಾಗಿಡುವ ಒಲೆಯೂ ಮರುದಿನದವರೆಗೆ ಉರಿಯುತ್ತಲೇ ಇರುತ್ತವೆ. ಆ ದಿನದ ಬೆಲೆ ಇರುವುದು ಬೇರೆ ಕಡೆ. ನನ್ನಿಂದ ಏನೂ ಆಗಬೇಕಾಗಿಲ್ಲ, ಜಗತ್ತು ನಡೆಯುತ್ತದೆ ಎಂದು ವಾರಕ್ಕೊಮ್ಮೆ ಒಪ್ಪಿಕೊಳ್ಳುವುದರಲ್ಲಿ.

ನಮ್ಮ ನೆರೆಯ ಮಹಾರಾಷ್ಟ್ರದ ಕೊಂಕಣ ತೀರದಲ್ಲಿ ತಲೆಮಾರುಗಳಿಂದ ಗಾಣದ ಕಸುಬು ಮಾಡಿಕೊಂಡಿದ್ದ ಬೆನೆ ಇಸ್ರೇಲ್ ಎಂಬ ಯಹೂದಿಗಳಿದ್ದರು. ಹಳ್ಳಿಯ ಜನರಿಗೆ ತೋರಾ, ಮಿಶ್ನಾ ಏನೂ ಗೊತ್ತಿರಲಿಲ್ಲ. ಇವರು ಶನಿವಾರ ಎಣ್ಣೆ ತೆಗೆಯುವುದಿಲ್ಲ ಎಂಬುದಷ್ಟೇ ಗೊತ್ತಿತ್ತು. ಅದಕ್ಕೇ ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು, ಅಂದರೆ ಶನಿವಾರದ ಗಾಣಿಗರು. ಸಬ್ಬತ್ತಿನ ವಿರಾಮ ಮನೆಯ ಯಜಮಾನನಿಗೆ ಮಾತ್ರವಲ್ಲ, ಕೆಲಸದಾಳಿಗೂ ಎತ್ತಿಗೂ ಸಿಗಬೇಕೆಂದು ತೋರಾದ ಹತ್ತು ಆಜ್ಞೆಗಳಲ್ಲೇ ಇದೆ. ಗಾಣ ನಿಂತ ದಿನ ಎತ್ತಿನ ಹೆಗಲ ಮೇಲೆ ನೊಗವೂ ಇರುವುದಿಲ್ಲ.