ನಲಿ-ಕಲಿ ಕೋಣೆಗೆ ಹೋದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನೀನು ಫೋನ್ ಇಟ್ಟ ಮೇಲೂ ನನಗೆ ಹೇಳುವುದು ಉಳಿದೇ ಇತ್ತು. ಅದಕ್ಕೇ ಕಾಗದ ಹಿಡಿದು ಕೂತೆ. ಆರು, ಏಳನೇ ತರಗತಿಗೆ ಸಮಾಜ ಪಾಠ ಮಾಡಿಕೊಂಡು ಹಾಯಾಗಿದ್ದವಳಿಗೆ ಈ ವರ್ಷ ನಿಮ್ಮ ಹೆಡ್‌ಮಾಸ್ಟರು ನಲಿ-ಕಲಿ ವಹಿಸಿದ್ದಾರೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಅದರಲ್ಲೂ ಅರ್ಧಕ್ಕರ್ಧ ಲಂಬಾಣಿ ತಾಂಡಾದ ಮಕ್ಕಳು. ‘ಚಿಕ್ಕಮ್ಮ, ನಂಗೆ ಅ ಆ ಇ ಈ ಕಲಿಸೋಕೆ ಬರಲ್ಲ’ ಅಂದೆಯಲ್ಲ, ನನಗೆ ಸಮಾಧಾನವೇ ಆಯಿತು. ಸಣ್ಣ ಮಕ್ಕಳಿಗೆ ಯಾರು ಬೇಕಾದರೂ ಕಲಿಸಬಹುದು ಅಂದುಕೊಂಡು ಆ ಕೋಣೆಗೆ ಹೋಗುವವರನ್ನು ಕಂಡರೆ ನನಗೆ ದಿಗಿಲು.

ಮೊದಲನೆಯದಾಗಿ, ಅ ಆ ಇ ಈ ಇಂದ ಶುರುಮಾಡಬೇಕಾಗಿಯೇ ಇಲ್ಲ. ನಲಿ-ಕಲಿ ಕಾರ್ಡುಗಳ ಪೆಟ್ಟಿಗೆ ತೆಗೆದು ನೋಡು: ರ, ಗ, ಸ, ದ, ಅ. ಈ ಐದು ಅಕ್ಷರ ಗೊತ್ತಾದರೆ ಮಗು ಸರ, ಅರಸ, ಗರಗಸ ಅಂತ ಓದಿಬಿಡುತ್ತದೆ. ಸುಮಾರು ಐವತ್ತು ಅಕ್ಷರ ತಿದ್ದಿ ಮುಗಿಸಿ, ಆಮೇಲೆ ಗುಣಿತಾಕ್ಷರ ಮುಗಿಸಿ, ಒಂದು ಪದ ಕಾಣುವ ಹೊತ್ತಿಗೆ ವರ್ಷವೇ ಕಳೆದು ಮಗು ಬೇಸತ್ತು ಹೋಗುತ್ತಿದ್ದ ಕಾಲವಿತ್ತು. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಯುನಿಸೆಫ್‌ನ ನೆರವಿತ್ತು, ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳ ಹುರುಪಿತ್ತು. ರಟ್ಟು ಕತ್ತರಿಸಿ, ಗೋಂದು ಹಚ್ಚಿ, ಹಾಡು ಕಟ್ಟಿ, ರಾತ್ರಿಯೆಲ್ಲ ಕೂತು ಆ ಕಾರ್ಡುಗಳನ್ನು ಮಾಡಿದವರು ಸಾಮಾನ್ಯ ಪ್ರಾಥಮಿಕ ಶಾಲೆಯ ಶಿಕ್ಷಕರು. ಅವರ ಜೊತೆ ನಾನೂ ಇದ್ದೆ ಅನ್ನುವುದು ನನ್ನ ಜಂಬ. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ಹರಡುವಾಗ ಕಾರ್ಡು ಎಲ್ಲ ಕಡೆಗೂ ತಲುಪಿತು, ಹುರುಪು ಎಲ್ಲ ಕಡೆಗೂ ತಲುಪಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ. ನಿನ್ನಮ್ಮ ತೀರಿಹೋದ ವರ್ಷ ನೀನೂ ನನ್ನ ನಲಿ-ಕಲಿ ಕೋಣೆಯಲ್ಲಿ, ಗೋಡೆಯ ಕೆಳಗಿನ ಕಪ್ಪು ಪಟ್ಟಿಯ ಮುಂದೆ ಕೂತಿರುತ್ತಿದ್ದೆ. ತಿಂಗಳುಗಟ್ಟಲೆ ಮಾತಿಲ್ಲ. ಬೇರೆ ಮಕ್ಕಳು ಕಲಿಕೆಯ ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲು ಹತ್ತುತ್ತಿದ್ದರೆ ನಿನ್ನದು ಒಂದೇ ಮೆಟ್ಟಿಲು. ನಾನು ಕಾರ್ಡು ಪಕ್ಕಕ್ಕಿಟ್ಟು ದಿನಾ ಒಂದು ಕತೆ ಓದಿ ಹೇಳುತ್ತಿದ್ದೆ, ಎಲ್ಲರಿಗೂ ಅಂತ ನೆಪ, ನಿಜಕ್ಕೂ ನಿನಗೆ. ಒಂದು ದಿನ ಓದುವಾಗ ಬೇಕೆಂದೇ ಒಂದು ಸಾಲು ಬಿಟ್ಟೆ. ‘ಅಲ್ಲಿ ನರಿ ಬರಬೇಕಿತ್ತು’ ಅಂತ ನೀನು ಪುಸ್ತಕದ ಮೇಲೆ ಬೆರಳಿಟ್ಟೆ. ಆ ಬೆರಳಿನ ಕೆಳಗೆ ‘ನರಿ’ ಅಂತಲೇ ಇತ್ತು.

ಹಾಗಾಗಿ ಈ ವರ್ಷ ನೀನು ನಿನಗೆ ಹಾಕಿಕೊಳ್ಳಬೇಕಾದ ಕಟ್ಟಳೆ ಇದೊಂದೇ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕುಡಿದು ಮಕ್ಕಳು ಬಾಯಿ ಒರೆಸಿಕೊಂಡು ಬಂದ ಕೂಡಲೇ ಹತ್ತು ನಿಮಿಷ ಗಟ್ಟಿಯಾಗಿ ಓದು. ಪುಸ್ತಕ ಮಕ್ಕಳ ಕಡೆ ತಿರುಗಿಸಿ, ಓದುವ ಪದದ ಕೆಳಗೆ ಬೆರಳು ಓಡಿಸುತ್ತಾ ಓದು. ಪ್ರಶ್ನೆ ಕೇಳಬೇಡ, ನೀತಿ ಹೇಳಬೇಡ. ಮತ್ತೆ ಅದೇ ಕತೆ ಬೇಕು ಅಂದರೆ ಅದನ್ನೇ ಓದು. ಅಧಿಕಾರಿಗಳು ಬರಲಿ, ಜಯಂತಿ ಇರಲಿ, ಮಾಹಿತಿ ಕೇಳಿ ವಾಟ್ಸಾಪಿನಲ್ಲಿ ಹತ್ತು ಸಲ ಗಂಟೆ ಬಾರಿಸಲಿ, ಆ ಹತ್ತು ನಿಮಿಷ ಯಾರಿಗೂ ಬಿಟ್ಟುಕೊಡಬೇಡ. ಮಕ್ಕಳಿಂದ ಏನು ನಿರೀಕ್ಷಿಸಬೇಕು ಅಂತ ನೀನು ಕೇಳಿದ್ದೆ. ನಿನ್ನಿಂದ ಅವರು ಏನನ್ನು ನಿರೀಕ್ಷಿಸಬಹುದು ಅನ್ನುವುದು ಮೊದಲು ಅವರಿಗೆ ಗೊತ್ತಾಗಲಿ.

ಇನ್ನು ನಿನ್ನ ತಾಂಡಾದ ಮಕ್ಕಳು. ಅವರಿಗೆ ಕನ್ನಡ ಬರುವುದಿಲ್ಲ ಅಂದೆ. ಅವರಿಗೆ ಒಂದು ಭಾಷೆ ಚೆನ್ನಾಗಿ ಬರುತ್ತದೆ, ಅದು ನಿನಗೆ ಬರುವುದಿಲ್ಲ, ಅಷ್ಟೇ. ಮನೆಯಲ್ಲಿ ‘ಯಾಡಿ’ ಅಂತ ಕರೆಯುವ ಮಗುವಿಗೆ ಕಾರ್ಡಿನಲ್ಲಿ ‘ಅಮ್ಮ’ ಅಂತ ಕಂಡರೆ ಅದು ಚಿತ್ರ ನೋಡಿ ಹೇಳುವ ಹೆಸರು, ಕರುಳಿನ ಮಾತಲ್ಲ. ಮೊದಲ ಎರಡು ತಿಂಗಳು ನೀನೂ ಕಲಿ. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ ಅಂತ ನೀನು ತಪ್ಪು ತಪ್ಪಾಗಿ ಉಚ್ಚರಿಸು, ಅವರು ನಗಲಿ, ನಿನ್ನನ್ನು ತಿದ್ದಲಿ. ಟೀಚರನ್ನೇ ತಿದ್ದಿದ ಮಗು ತಾನು ತಪ್ಪಿ ಓದಲು ಹೆದರುವುದಿಲ್ಲ. ಅವರು ಲಂಬಾಣಿಯಲ್ಲಿ ಹೇಳಿದ ಒಂದೊಂದು ಸಾಲನ್ನೂ ಕನ್ನಡ ಲಿಪಿಯಲ್ಲಿ ಬರೆದು ಕೋಣೆಯ ಮೇಲೆ ಕಟ್ಟಿದ ಚಪ್ಪರದ ದಾರಕ್ಕೆ ನೇತುಹಾಕು. ತನ್ನ ಮಾತೂ ಅಕ್ಷರಕ್ಕೆ ಇಳಿಯುತ್ತದೆ ಅಂತ ಕಂಡ ಮಗುವಿಗೆ ಅಕ್ಷರದ ಮೇಲೆ ಬೇರೆಯೇ ನಂಬಿಕೆ ಬರುತ್ತದೆ. ನಮ್ಮ ಕಡೆಯ ಮಕ್ಕಳು ‘ಹಾಲು’ ಅಂತ ಬರೆದದ್ದನ್ನು ‘ಆಲು’ ಅಂತ ಓದುತ್ತಿರಲಿಲ್ಲವೇ? ಹಾಗೆ ಓದಿದ ಮಗುವಿಗೆ ಅರ್ಥವಾಗಿದೆ ಅಂತಲೇ ಲೆಕ್ಕ. ಉಚ್ಚಾರಣೆ ನಿಧಾನಕ್ಕೆ ಬರುತ್ತದೆ, ಬರದಿದ್ದರೂ ಆಕಾಶವೇನೂ ಬೀಳುವುದಿಲ್ಲ.

ಬಾಯಿಪಾಠದ ಓದಿನ ಬಗ್ಗೆ ಮಾತ್ರ ಎಚ್ಚರ. ಕೆಲವು ಮಕ್ಕಳು ಇಡೀ ಪಾಠವನ್ನು ಗಡಗಡ ಹೇಳುತ್ತವೆ, ನೋಡಿದವರಿಗೆ ಖುಷಿ. ಬೆರಳನ್ನು ಗಮನಿಸು. ಬೆರಳು ಒಂದು ಪದದ ಮೇಲೆ, ಬಾಯಿ ಮೂರು ಪದ ಮುಂದೆ. ಅಂಥ ಮಗುವಿನ ಮುಂದೆ ಅದು ಕಾಣದ ಪುಸ್ತಕ ಇಡು, ಚಿತ್ರದ ಮೇಲೆ ಕೈ ಮುಚ್ಚಿ ಕೇಳು. ಬೈಯಬೇಡ. ಅದು ಕಳ್ಳತನವಲ್ಲ, ಓದು ಅಂದರೆ ಹೀಗೆಯೇ ಅಂತ ಮಗು ಪ್ರಾಮಾಣಿಕವಾಗಿ ನಂಬಿದೆ. ಒತ್ತಕ್ಷರ ಬಂದಾಗ ಇನ್ನೊಂದು ತೊಡಕು, ಅದರಲ್ಲೂ ಅರ್ಕಾವತ್ತು. ಕಿವಿಗೆ ಮೊದಲು ಕೇಳುವ ರಕಾರ ಕಣ್ಣಿಗೆ ಕೊನೆಗೆ ಕಾಣುತ್ತದೆ. ‘ಸೂರ್ಯ’ನನ್ನು ‘ಸೂಯರ’ ಅಂತ ಓದುವ ಮಗು ಕಂಡದ್ದನ್ನೇ ಓದಿದೆ, ಪಾಪ.

ಕೇಂದ್ರ ಸರ್ಕಾರದ ನಿಪುಣ್ ಭಾರತ್‌ನ ಗುರಿ ಪಟ್ಟಿಯನ್ನು ನಿಮಗೂ ಕೊಟ್ಟಿರುತ್ತಾರೆ. ಒಂದನೇ ತರಗತಿ ಮುಗಿಯುವಾಗ ನಾಲ್ಕೈದು ಸರಳ ಪದಗಳ ಪುಟ್ಟ ವಾಕ್ಯ, ಎರಡನೆಯದರಲ್ಲಿ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದರಲ್ಲಿ ಕನಿಷ್ಠ 60. ಗುರಿ ಇರುವುದು ಒಳ್ಳೆಯದೇ, ಗುರಿಯೇ ಇಲ್ಲದೆ ಏಳನೇ ತರಗತಿಗೆ ಹೋದ ಮಕ್ಕಳನ್ನು ನೀನೇ ನೋಡಿದ್ದೀಯ. ಆದರೆ ಮಗುವಿನ ಮುಂದೆ ಗಡಿಯಾರ ಹಿಡಿಯಬೇಡ. ‘ಹೋಗಿಬರುತ್ತೇನೆಂದು’ ಅನ್ನುವುದು ನಮ್ಮಲ್ಲಿ ಒಂದು ಪದ. ಹಿಂದಿಯಲ್ಲಾದರೆ ಅದು ನಾಲ್ಕೈದು ಪದವಾಗಿ ಎಣಿಕೆಗೆ ಸಿಗುತ್ತದೆ. ಕನ್ನಡದ ಮಗುವಿನ ನಿಮಿಷ ಅಷ್ಟು ಸುಲಭವಾಗಿ ತುಂಬುವುದಿಲ್ಲ. ಮೂರನೇ ತರಗತಿಯ ಮಗು ಹಿಂದೆ ನೋಡದ ಒಂದು ಪುಟ್ಟ ಕತೆ ಓದಿ, ಪುಸ್ತಕ ಮುಚ್ಚಿ, ತನ್ನ ಮಾತಿನಲ್ಲಿ ಹೇಳಿದರೆ ನನಗೆ ಸಾಕು. ಆ ಒಂದು ವಿಷಯದಲ್ಲಿ ರಿಯಾಯಿತಿ ಕೊಡಬೇಡ, ಯಾವ ಮಗುವಿಗೂ. ‘ಇವನ ಮನೆಯಲ್ಲಿ ಯಾರೂ ಓದಿದವರಿಲ್ಲ ಬಿಡಿ’ ಅಂತ ಸ್ಟಾಫ್ ರೂಮಿನಲ್ಲಿ ಕರುಣೆಯಿಂದಲೇ ಹೇಳುತ್ತಾರೆ. ಬೈಗುಳಕ್ಕಿಂತ ಹೆಚ್ಚು ಮಕ್ಕಳನ್ನು ಹಾಳುಮಾಡಿದ್ದು ಆ ಕರುಣೆ.

ಜೂನ್‌ನಲ್ಲಿ ಪೋಷಕರ ಸಭೆ ಕರೆಯುತ್ತೀಯಲ್ಲ, ಸಂಜೆ ಕರೆ, ಕೂಲಿ ಬಿಟ್ಟು ಬರಲು ಹೇಳಬೇಡ. ‘ಮನೆಯಲ್ಲಿ ಓದಿಸಿ’ ಅನ್ನುವುದು ಓದಲು ಬಾರದ ತಾಯಿಗೆ ಮಾಡುವ ಅವಮಾನ. ಹೀಗೆ ಹೇಳಿ ನೋಡು: ರಾತ್ರಿ ಒಲೆ ಮುಂದೆ ರೊಟ್ಟಿ ಬಡಿಯುವಾಗ ಮಗು ಪಕ್ಕದಲ್ಲಿ ಕೂತು ಪುಸ್ತಕ ಓದಲಿ, ನೀವು ಹೂಂಗುಟ್ಟಿ, ‘ಆಮೇಲೇನಾಯ್ತು’ ಅಂತ ಕೇಳಿ. ಅಷ್ಟು ಸಾಕು. ದಸರಾ ರಜೆಯ ಹೊತ್ತಿಗೆ ಮಗು ಏನು ಓದಬಲ್ಲದು, ಯುಗಾದಿಯ ಹೊತ್ತಿಗೆ ಏನು ಅಂತಲೂ ಹೇಳು. ಅವರು ತಿಂಗಳು ಎಣಿಸುವುದು ಹಬ್ಬದಿಂದ. ಮತ್ತೆ ಹತ್ತಿಯ ವಿಷಯ. ಹೂವಿನಿಂದ ಹೂವಿಗೆ ಪರಾಗ ಹಚ್ಚುವ ಕ್ರಾಸಿಂಗ್ ಶುರುವಾದರೆ ನಿಮ್ಮ ಯಾದಗಿರಿ ಕಡೆ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಎಳೆ ಬೆರಳುಗಳೇ ಬೇಕಂತೆ ಆ ಹೂವಿಗೆ. ಅದನ್ನು ಸಭೆಯಲ್ಲಿ ಮುಖಕ್ಕೆ ಮುಖ ಕೊಟ್ಟು ಮಾತಾಡು, ನಿಷ್ಠುರವಾದರೂ ಸರಿ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಸ್ವಂತ ಹೊಲ ಇದ್ದರೆ ಇನ್ನೂ ನಾಜೂಕು, ನೀನೇ ನೋಡಿಕೊ.

ಪುಸ್ತಕ ಎಲ್ಲಿದೆ ಅಂದರೆ, ಬೀರುವಿನಲ್ಲಿ, ಬೀಗದ ಒಳಗೆ, ನನಗೆ ಗೊತ್ತು. ಹೆಡ್‌ಮಾಸ್ಟರರನ್ನು ದೂರಬೇಡ. ಚಾರ್ಜು ಕೊಡುವಾಗ ಒಂದು ಪುಸ್ತಕ ಕಡಿಮೆಯಾದರೂ ಅವರ ತಲೆಗೇ ಬರುತ್ತದೆ. ಬೀಗದ ಕೈ ನೀನು ಇಸ್ಕೊ, ದಾಸ್ತಾನು ಪುಸ್ತಕದಲ್ಲಿ ನಿನ್ನ ಸಹಿ ಹಾಕು, ಹರಿದದ್ದನ್ನು ಹರಿದಿದೆ ಅಂತ ಬರೆ. ಎರಡು ಕಿಟಕಿಯ ನಡುವೆ ಹಗ್ಗ ಕಟ್ಟಿ ಪುಸ್ತಕಗಳನ್ನು ಮಕ್ಕಳ ಎದೆಮಟ್ಟಕ್ಕೆ ನೇತುಹಾಕು. ಪಂಚಾಯ್ತಿ ಗ್ರಂಥಾಲಯಕ್ಕೂ ಒಂದು ದಿನ ಕರೆದುಕೊಂಡು ಹೋಗು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದ ಮೇಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಫೋನಿನಲ್ಲಿ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತೆಗೆದರೆ ಕನ್ನಡದ ಕತೆಗಳು ಹಂತ ಹಂತವಾಗಿ ಸಿಗುತ್ತವೆ, ಅವಕ್ಕೂ ದುಡ್ಡಿಲ್ಲ. ಆದರೂ ಕೈಯಲ್ಲಿ ಹಿಡಿದು ಮೂಸಿ ನೋಡುವ ಪುಸ್ತಕವೇ ಬೇಕು ನನಗೆ, ಹಳೇ ಕಾಲದವಳು.

ಇಲ್ಲಿ ಎಲ್ಲ ಸುಮಾರಾಗಿದೆ. ಮಂಡಿ ನೋವು ಹಾಗೇ ಇದೆ, ಮಳೆ ಬಂದರೆ ಜಾಸ್ತಿ. ಪಕ್ಕದ ಮನೆಯ ಹುಡುಗ ಸಂಜೆ ಬಂದು ಓದುತ್ತಾನೆ, ಇಂಗ್ಲಿಷ್ ಮೀಡಿಯಂ, ಕನ್ನಡದ ಬೋರ್ಡು ಓದಲು ಒದ್ದಾಡುತ್ತಾನೆ. ಅವನಿಗೂ ರ ಗ ಸ ದ ಅ ಇಂದಲೇ ಶುರು ಮಾಡಿಸಿದ್ದೇನೆ. ನಿನ್ನ ಚಿಕ್ಕಪ್ಪ ‘ನಿವೃತ್ತಿ ಯಾರಿಗಾಯ್ತು’ ಅಂತ ಹಂಗಿಸುತ್ತಾರೆ.

ಸೋಮವಾರ ಅಂಚೆಯಲ್ಲಿ ಒಂದು ಪಾರ್ಸೆಲ್ ಕಳಿಸುತ್ತೇನೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಚಿತ್ರಪುಸ್ತಕಗಳು, ನೀನು ಸಣ್ಣವಳಿದ್ದಾಗ ಮೂಲೆ ಮಡಚಿ ಹಾಕಿದವೂ ಸೇರಿ. ‘ತೊತ್ತೋ-ಚಾನ್’ ನಿನಗೆ, ಅದನ್ನು ಮಕ್ಕಳ ಹಗ್ಗಕ್ಕೆ ಹಾಕಬೇಡ. ತಾಂಡಾದ ಮಕ್ಕಳು ಯಾವ ಕತೆಗೆ ನಕ್ಕರು, ಯಾವುದಕ್ಕೆ ಆಕಳಿಸಿದರು ಅಂತ ತಿಂಗಳಿಗೊಮ್ಮೆ ಬರೆ, ಮುಂದಿನ ಪಾರ್ಸೆಲ್‌ಗೆ ಆರಿಸಲು ಬೇಕು. ಮತ್ತೆ ಯಾದಗಿರಿ ಬಿಸಿಲಿಗೆ ಛತ್ರಿ ಹಿಡಿದು ಹೋಗು, ನೀರಿನ ಬಾಟಲಿ ಮರೆಯಬೇಡ. ಹಾಸ್ಟೆಲ್ ಕಾಲದಿಂದ ನಿನಗೆ ಊಟ ಬಿಡುವ ಚಟ ಇದೆ, ಬಿಸಿಯೂಟದ ಅನ್ನ-ಸಾರನ್ನು ಮಕ್ಕಳ ಜೊತೆ ಕೂತು ತಿನ್ನು.

ನಿನ್ನ
ಚಿಕ್ಕಮ್ಮ