ಒಂದಿಂಚಿನ ಕಥೆ

ನಮ್ಮ ಅಪಾರ್ಟ್‌ಮೆಂಟಿಗೆ ನನಗಿಂತ ಎರಡೇ ವರ್ಷ ಕಡಿಮೆ ವಯಸ್ಸು. ಬೆಂಗಳೂರಿನ ಜಯನಗರದ ಕಡೆ ಎಂಬತ್ತರ ದಶಕದಲ್ಲಿ ಕಟ್ಟಿದ, ಲಿಫ್ಟ್ ಇಲ್ಲದ ನಾಲ್ಕಂತಸ್ತಿನ ಕಟ್ಟಡ. ನಮ್ಮದು ಎಲ್ಲಕ್ಕಿಂತ ಕೆಳಗಿನ ಮನೆ. ಮೊಣಕಾಲು ನೋವಿನ ಅತ್ತೆಗೆ ಮೆಟ್ಟಿಲು ಹತ್ತುವ ಕಷ್ಟವಿರುವುದಿಲ್ಲ ಎಂದೇ ಕೊಂಡದ್ದು. ಆದರೆ ಅವರು ಬಿದ್ದದ್ದು ಬಚ್ಚಲಮನೆಯ ಹೊಸ್ತಿಲು ಎಡವಿ.

ಸೊಂಟದ ಮೂಳೆಗೆ ಆಪರೇಷನ್ ಆಗಿ ಮನೆಗೆ ಬಂದ ದಿನವೇ ಗೊತ್ತಾಯಿತು, ವಾಕರ್ ಬಚ್ಚಲಿನ ಬಾಗಿಲೊಳಗೆ ಹೋಗುವುದಿಲ್ಲ. ಹೊಲಿಗೆಯ ಟೇಪು ತಂದು ಅಳೆದೆ. ವಾಕರ್ 24 ಇಂಚು, ಬಾಗಿಲಲ್ಲಿ ಸಿಗುವ ಜಾಗ 23. ವಾಕರನ್ನು ಹೊರಗೇ ಬಿಟ್ಟು, ಗೋಡೆ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು.

ಇವರಿಗೆ ಉತ್ಸಾಹ ಬಂತು. "ಹೇಗೂ ಒಡೀತೀವಿ, ಅಡುಗೆಮನೆ ಗೋಡೇನೂ ತೆಗೆದು ಓಪನ್ ಕಿಚನ್ ಮಾಡಿಬಿಡೋಣ." ಮಗಳು ಡ್ರಾಯಿಂಗ್ ಪುಸ್ತಕದಲ್ಲಿ ನಕ್ಷೆಯನ್ನೂ ಬರೆದಳು. ಅಜ್ಜಿಯ ಜೊತೆ ಮಲಗುವ ಅವಳಿಗೆ ಅದರಲ್ಲಿ ಹಾಲ್‌ಗಿಂತ ದೊಡ್ಡದೊಂದು ಸ್ವಂತ ರೂಮಿತ್ತು!

ನೋಡಲು ಬಂದ ಇಂಜಿನಿಯರ್ ಅಡುಗೆಮನೆ ಗೋಡೆಯ ದಪ್ಪ ಅಳೆದರು. 9 ಇಂಚು, ಗಾರೆ ಬೇರೆ. "ಈ ಕಟ್ಟಡಕ್ಕೆ ಕಂಬಗಳೇ ಇಲ್ಲಮ್ಮ, ಗೋಡೆಗಳೇ ಕಂಬ. ಮೇಲಿನ ಮೂರು ಮನೆಗಳ ಭಾರ ಇದರ ಮೇಲಿದೆ" ಎಂದರು. ಈಗಿನ ಕಂಬ-ತೊಲೆಯ ಕಟ್ಟಡಗಳಲ್ಲಿ ಒಳಗೋಡೆಗಳು ಹೆಚ್ಚಾಗಿ ಬರೀ ಮರೆ, ಹಳೆಯವುಗಳಲ್ಲಿ ಹಾಗಲ್ಲವಂತೆ. ಕ್ರಯಪತ್ರ ನಮ್ಮ ಹೆಸರಿಗಿದ್ದರೂ ಆ ಗೋಡೆಯ ಮೇಲೆ ಮೂರನೇ ಮಹಡಿಯ ಮೇಷ್ಟ್ರ ಸಂಸಾರವೂ ಕೂತಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಇವರ ಮುಖ ಸಪ್ಪಗಾಯಿತು.

ಬಚ್ಚಲಿಗೂ ಪಕ್ಕದ ಪಾಯಿಖಾನೆಗೂ ನಡುವೆ ಇದ್ದದ್ದು 4½ ಇಂಚಿನ ಅಡ್ಡಗೋಡೆ. ಅದರ ಮೇಲೆ ಭಾರವಿಲ್ಲ ಎಂದು ಖಚಿತಪಡಿಸಿಕೊಂಡು, ತೆಗೆಯಬಹುದು ಎಂದರು. ಎರಡೂ ಒಂದಾದರೆ ವಾಕರ್ ತಿರುಗಿಸಲು ಜಾಗವಾಗುತ್ತದೆ. ಮೇಲೆ ಹೊಸ ಲಿಂಟಲ್ ಕೊಟ್ಟು 3 ಅಡಿಯ ಬಾಗಿಲು, ಅದೂ ಹೊರಕ್ಕೆ ತೆರೆಯುವಂಥದು. ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗಿಬಿಡುತ್ತಾರೆ. ಹೊಸ್ತಿಲು ಬೇಡ, ನೀರು ಹೊರಗೆ ಬರದಂತೆ ನೆಲಕ್ಕೇ ವಾಟ. ಕಮೋಡ್ ಮಾತ್ರ ಹಳೆಯ ಪೈಪಿನ ಬಳಿಯೇ ಇರಬೇಕು. ದೂರ ಸರಿಸಿದಷ್ಟೂ ನೆಲ ಅಗೆಯುವ ಕೆಲಸ ಹೆಚ್ಚು.

ಎಲ್ಲ ನಿರ್ಧಾರವಾದ ಮೇಲೆ ಅತ್ತೆಯನ್ನು ಕೇಳಿದೆ, "ಇನ್ನೇನಾದರೂ ಬೇಕಾ ಅತ್ತೆ?" ಅಷ್ಟು ದಿನ ಇಂಚು ಅಳೆಯುತ್ತಿದ್ದ ನಮಗೆ ಅವರನ್ನೇ ಕೇಳಬೇಕೆಂದು ತೋಚಿರಲಿಲ್ಲ.

"ಹಿಂದಿನ ರೂಮು ಬೇಡ ಕಣೇ. ಗದ್ದಲ ಇರಲ್ಲ ಅಂತ ಅಲ್ಲಿ ಹಾಕಿದ್ದೀರಿ, ಕುಕ್ಕರ್ ಕೂಗೋದೂ ಕೇಳಲ್ಲ. ರಾತ್ರಿ ಎದ್ದರೆ ಬಚ್ಚಲು ದೂರ. ನಿಮ್ಮನ್ನ ಎಷ್ಟು ಸಲ ಎಬ್ಬಿಸಲಿ? ಅದಕ್ಕೇ ಆರು ಗಂಟೆ ಮೇಲೆ ನಾನು ನೀರೇ ಕುಡಿಯಲ್ಲ."

ಅದು ಏಪ್ರಿಲ್ ತಿಂಗಳು. ಅವರ ತುಟಿ ಒಡೆದದ್ದು ಮಾತ್ರೆಗಳ ಉಷ್ಣಕ್ಕೆ ಎಂದುಕೊಂಡು ದಿನಾ ಸಂಜೆ ಎಳನೀರು ತರಿಸುತ್ತಿದ್ದೆ. ಅದನ್ನು ಅವರು ಗುಟ್ಟಾಗಿ ಮೊಮ್ಮಗಳಿಗೆ ಕುಡಿಸುತ್ತಿದ್ದರಂತೆ.

ಅವತ್ತೇ ನಾವಿಬ್ಬರೂ ಹಿಂದಿನ ರೂಮಿಗೆ ಹೋದೆವು. ಬಚ್ಚಲಿಗೆ ಹತ್ತಿರವಿದ್ದ ನಮ್ಮ ರೂಮು ಅಜ್ಜಿ-ಮೊಮ್ಮಗಳಿಗೆ. ಮಂಚವನ್ನು ತುಸು ತಿರುಗಿಸಿದರೆ ಅಡುಗೆಮನೆ ಬಾಗಿಲೂ ಕಾಣುತ್ತದೆ. ಇದಕ್ಕೆ ಒಂದು ಇಟ್ಟಿಗೆಯನ್ನೂ ಒಡೆಯಬೇಕಾಗಿರಲಿಲ್ಲ.

ಬಚ್ಚಲ ಕೆಲಸ, ಸಂಘಕ್ಕೆ ಪತ್ರ ಬರೆದು ಒಪ್ಪಿಗೆ ಪಡೆದು, 18 ದಿನ ನಡೆಯಿತು. ಅಷ್ಟೂ ದಿನ ಎದುರು ಮನೆಯವರ ಬಚ್ಚಲೇ ಗತಿ. ಪುಣ್ಯಾತ್ಮರು, ಒಂದು ದಿನವೂ ಮುಖ ಗಂಟಿಕ್ಕಲಿಲ್ಲ.

ಹೊಸ ಬಾಗಿಲು ಕೂರಿಸಿದ ರಾತ್ರಿ ಹತ್ತು ಗಂಟೆಗೆ ದೀಪ ಆರಿಸುತ್ತಿದ್ದೆ. ಅತ್ತೆ ಕರೆದರು.

"ಏನೇ, ಸ್ವಲ್ಪ ನೀರು ಕೊಡೇ. ದೊಡ್ಡ ಲೋಟದಲ್ಲಿ ಕೊಡು."